ಕುಹ್ಮೊದಲ್ಲಿ ಬೆಳಗಿನಿಂದ ರಾತ್ರಿಯವರೆಗೆ

ಫಿನ್ಲೆಂಡಿನ ಪೂರ್ವದ ಅಂಚಿನಲ್ಲಿ, ರಷ್ಯಾದ ಗಡಿಯ ಬದಿಗೆ, ಕುಹ್ಮೊ ಎಂಬ ಊರಿದೆ. ಸುಮಾರು ಎಂಟು ಸಾವಿರ ಜನರ ಊರು. ರೈಲು ಕಯಾನಿಯವರೆಗೆ ಮಾತ್ರ. ಅಲ್ಲಿಂದ ಬಸ್ಸಿನಲ್ಲಿ ನೂರು ಕಿಲೋಮೀಟರಿನಷ್ಟು ದಾರಿ, ಉದ್ದಕ್ಕೂ ಪೈನ್ ಕಾಡು ಮತ್ತು ಸರೋವರಗಳು. ಇಂಥ ಮೂಲೆಯಲ್ಲಿ ಸೆಪ್ಪೊ ಕಿಮಾನೆನ್ ಎಂಬ ಚೆಲ್ಲೊ (ವಯೊಲಿನ್ನಿನ ಜಾತಿಯ, ಅದಕ್ಕಿಂತ ದೊಡ್ಡದಾದ, ತಗ್ಗಿನ ನಾದದ ವಾದ್ಯ) ವಾದಕ 1970ರಲ್ಲಿ ಚೇಂಬರ್ ಸಂಗೀತದ, ಅಂದರೆ ಕೆಲವೇ ವಾದಕರು ಕೂಡಿ ನುಡಿಸುವ ಸಂಗೀತದ, ಉತ್ಸವವೊಂದನ್ನು ಆರಂಭಿಸಿದರು. ಈಗಲೂ ಪ್ರತಿ ಜುಲೈನಲ್ಲಿ ಎರಡು ವಾರಗಳ ಕಾಲ ದಿನವಿಡೀ ಒಂದರ ಬೆನ್ನಿಗೊಂದು ಕಛೇರಿ ನಡೆಯುತ್ತದೆ. ಹೆಲ್ಸಿಂಕಿಗೆ ಬಂದು ನೆಲೆಸಿದಾಗಿನಿಂದ ಈ ಉತ್ಸವದ ಹೆಸರು ಕೇಳುತ್ತಲೇ ಇದ್ದೆ. ಕಳೆದ ಬೇಸಿಗೆಯಲ್ಲಿ ಹೋಗಿ, ಒಂದು ಇಡೀ ದಿನ ಯಾವ ಕಛೇರಿಯನ್ನೂ ಬಿಡದೆ ಕೇಳಿದೆ.

ಬೆಳಗಿನದು ಸಂಯೋಜಕ ಹೈಡನ್‌ನ ಕ್ವಾರ್ಟೆಟ್: ಎರಡು ವಯೊಲಿನ್, ಅದಕ್ಕಿಂತ ತುಸು ದೊಡ್ಡದಾದ ಒಂದು ವಯೋಲ, ಒಂದು ಚೆಲ್ಲೊ. ಎರಡನೆಯ ಸಾಲಿನಲ್ಲಿ ಜಾಗ ಸಿಕ್ಕಿದ್ದರಿಂದ ವಾದಕರ ಉಸಿರೂ ಕೇಳುತ್ತಿತ್ತು. ಉತ್ಪ್ರೇಕ್ಷೆಯಲ್ಲ. ಮೊದಲ ವಯೊಲಿನ್‌ನವರು ಕಮಾನನ್ನು ತಂತಿಯ ಮೇಲಿಡುವ ಮುನ್ನ ಮೂಗಿನಿಂದ ಚುರುಕಾಗಿ ಉಸಿರೆಳೆದುಕೊಂಡರು. ಆ ಉಸಿರಿನ ವೇಗವೇ ಉಳಿದ ಮೂವರಿಗೆ ಕಾಲಪ್ರಮಾಣ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತವಳು ನಾನು. ತಾಳವೆಂದರೆ ತೊಡೆಯ ಮೇಲೆ ಬೀಳುವ ಕೈ, ಪಕ್ಕದಲ್ಲಿ ಮೃದಂಗ. ಇಲ್ಲಿ ಎರಡೂ ಇಲ್ಲ, ನಿರ್ದೇಶಕನೂ ಇಲ್ಲ. ಆದರೂ ಒಂದು ಸಾಲಿನ ಕೊನೆಯಲ್ಲಿ ನಾಲ್ವರೂ ಒಟ್ಟಿಗೆ ಕೊಂಚ ನಿಧಾನಿಸಿ, ಒಟ್ಟಿಗೆ ಮತ್ತೆ ಹೊರಟರು. ಬೇರೆ ಬೇರೆ ಕಡೆಗಳಿಂದ ಬಂದು, ಇಲ್ಲಿ ಕೂಡಿ, ಕೆಲವೇ ದಿನ ಅಭ್ಯಾಸ ಮಾಡಿದವರು ಇವರು ಎಂದು ತಿಳಿದಾಗ ನನ್ನ ಗೌರವ ಇನ್ನಷ್ಟು ಹೆಚ್ಚಿತು.

ಮಧ್ಯಾಹ್ನ ರೈ ಹಿಟ್ಟಿನ ತೆಳು ಹಾಳೆಯೊಳಗೆ ಅನ್ನದ ಗಂಜಿ ತುಂಬಿ ಬೇಯಿಸಿದ ಕರೇಲಿಯನ್ ಪೈ ತಿಂದು ಮತ್ತೆ ಓಡಿದೆ. ಶೊಸ್ತಕೋವಿಚ್‌ನ ಎರಡನೆಯ ಪಿಯಾನೊ ಟ್ರಿಯೊ ಇತ್ತು: ಪಿಯಾನೊ, ವಯೊಲಿನ್, ಚೆಲ್ಲೊ. 1944ರಲ್ಲಿ, ತೀರಿಕೊಂಡ ಗೆಳೆಯ ಸೊಲೆರ್ತಿನ್ಸ್ಕಿಯ ನೆನಪಿಗೆ ಬರೆದ ಕೃತಿ. ಆರಂಭದಲ್ಲಿ ಚೆಲ್ಲೊ ತಂತಿಯನ್ನು ಒತ್ತದೆ, ಬೆರಳನ್ನು ಸೋಕಿಸಿಯಷ್ಟೇ ಹೊರಡಿಸುವ ತಾರಸ್ಥಾಯಿಯ ನಾದ. ವಯೊಲಿನ್ ಬಂದು ಸೇರುವುದು ಅದಕ್ಕಿಂತ ಕೆಳಗೆ. ಮೇಲಿರಬೇಕಾದದ್ದು ಕೆಳಗೆ, ಕೆಳಗಿರಬೇಕಾದದ್ದು ಮೇಲೆ. 1939-40ರ ಚಳಿಗಾಲದ ಯುದ್ಧದಲ್ಲಿ ಸೋವಿಯತ್ ಸೇನೆಯೊಡನೆ ಭೀಕರ ಕಾದಾಟ ನಡೆದದ್ದು ಇದೇ ಕುಹ್ಮೊದ ಕಾಡುಗಳಲ್ಲಿ. ಆ ನೆಲದಲ್ಲಿ ಒಬ್ಬ ಸೋವಿಯತ್ ಸಂಗೀತಗಾರನ ಶೋಕವನ್ನು ಊರಿನವರು ಸೇರಿ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು. ನನ್ನ ಪಕ್ಕದಲ್ಲಿದ್ದ ವಯಸ್ಸಾದ ಮಹಿಳೆ ಕೃತಿ ಮುಗಿದ ಮೇಲೂ ತುಸು ಹೊತ್ತು ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ತಟ್ಟಿದರು, ಎಲ್ಲರಿಗಿಂತ ಜೋರಾಗಿ.

ಸಂಜೆಯ ಮೊದಲ ಕಛೇರಿಯ ಬಗ್ಗೆ ಬರೆಯುವಷ್ಟು ಏನೂ ಉಳಿದಿಲ್ಲ, ಕಿವಿ ದಣಿದಿತ್ತು.

ರಾತ್ರಿಯದು ಲಮ್ಮಸ್‌ಯಾರ್ವಿ ಸರೋವರದ ದಡದಲ್ಲಿರುವ ಕುಹ್ಮೊ ಕಲಾಕೇಂದ್ರದಲ್ಲಿ. ಹೊರಗಿನ್ನೂ ಹಗಲಿನಂಥ ಬೆಳಕು. ಶೂಬರ್ಟ್‌ನ ಸಿ ಮೇಜರ್ ಕ್ವಿಂಟೆಟ್: ಎರಡು ವಯೊಲಿನ್, ಒಂದು ವಯೋಲ, ಎರಡು ಚೆಲ್ಲೊ. ತನ್ನ 31ನೆಯ ವಯಸ್ಸಿನಲ್ಲಿ, 1828ರ ನವೆಂಬರಿನಲ್ಲಿ ಆತ ತೀರಿಕೊಂಡ. ಈ ಕೃತಿ ಅದಕ್ಕೆ ಕೆಲವೇ ವಾರಗಳ ಹಿಂದಿನದು. ಸಾರ್ವಜನಿಕರು ಅದನ್ನು ಮೊದಲು ಕೇಳಿದ್ದು 1850ರಲ್ಲಿ, ವಿಯೆನ್ನಾದಲ್ಲಿ. ಎರಡನೆಯ ಭಾಗದಲ್ಲಿ ಎರಡನೆಯ ವಯೊಲಿನ್, ವಯೋಲ, ಮೊದಲ ಚೆಲ್ಲೊ ಮೂವರೂ ಅತಿ ವಿಳಂಬದಲ್ಲಿ ಒಂದು ರಾಗವನ್ನು ಹೊತ್ತು ನಡೆಯುತ್ತಾರೆ. ಮೇಲೆ ಮೊದಲ ವಯೊಲಿನ್ ಬಿಟ್ಟು ಬಿಟ್ಟು ಒಂದೆರಡು ಮಾತು ಹೇಳುತ್ತದೆ. ಕೆಳಗೆ ಎರಡನೆಯ ಚೆಲ್ಲೊ ತಂತಿ ಮೀಟುತ್ತದೆ. ದಿನವೆಲ್ಲ ಮೇಲಿನ ವಯೊಲಿನ್ನನ್ನೇ ಹಿಂಬಾಲಿಸಿದ್ದ ನನ್ನ ಕಿವಿ ಅಲ್ಲಿ ತಾನಾಗಿ ನಡುವಿನ ವಯೋಲಕ್ಕೆ ಇಳಿಯಿತು. ಅಷ್ಟು ಹೊತ್ತು ಒಂದೇ ಸಮನೆ ಕೇಳಿರದಿದ್ದರೆ ಅದು ಕೇಳಿಸುತ್ತಿರಲಿಲ್ಲವೆಂದೇ ನನ್ನ ನಂಬಿಕೆ. ದಿನಕ್ಕೊಂದು ಕಛೇರಿ ಸಾಕೆನ್ನುವವರ ಮಾತನ್ನು ಇನ್ನು ನಾನು ಒಪ್ಪುವುದಿಲ್ಲ.

ಇನ್ನು ಆ ಕೃತಿಯ ಮುಕ್ತಾಯ. ಕುಣಿತದ ಗತ್ತಿನಲ್ಲಿ ಓಡಿಬಂದ ಕೊನೆಯ ಭಾಗ ಥಟ್ಟನೆ ಡಿ ಫ್ಲ್ಯಾಟ್ ಸ್ವರದ ಮೇಲೆ ಒತ್ತಿ, ಅಲ್ಲಿಂದ ಸಿ ಸ್ವರಕ್ಕೆ ಇಳಿದು ನಿಲ್ಲುತ್ತದೆ. ನಮ್ಮ ಲೆಕ್ಕದಲ್ಲಿ ಸಿ ಷಡ್ಜವಾದರೆ (ಸ), ಡಿ ಫ್ಲ್ಯಾಟ್ ಅದರ ಪಕ್ಕದ ಶುದ್ಧ ರಿಷಭ (ರಿ). ಮಧ್ಯಾಹ್ನದ ಆ ಮಹಿಳೆ ರಾತ್ರಿಯೂ ಸಿಕ್ಕರು. ಹೊರಗೆ ಬರುತ್ತ, “ಅದು ಸಾವಿಗೆ ತೋರಿಸಿದ ಸಿಟ್ಟು” ಎಂದರು. ನನಗೆ ಹಾಗೆ ಕೇಳಿಸಲೇ ಇಲ್ಲ. ಮಾಯಾಮಾಳವಗೌಳ ರಾಗದಲ್ಲಿ ಮೊದಲ ಪಾಠವಾದ ಸರಳೆ ವರಿಸೆ ಕಲಿತ ಕಿವಿಗೆ ಶುದ್ಧ ರಿಷಭದಿಂದ ಷಡ್ಜಕ್ಕೆ ಇಳಿಯುವುದಕ್ಕಿಂತ ಸಹಜವಾದ ದಾರಿ ಬೇರೊಂದಿಲ್ಲ. ಹಾಗೆಂದು ಹೇಳಿ, ಸ-ರಿ-ರಿ-ಸ ಎಂದು ಹಾಡಿ ತೋರಿಸಿದೆ. ಅವರು ಒಪ್ಪಲಿಲ್ಲ. ಬಸ್ ನಿಲ್ದಾಣದವರೆಗೂ ವಾದಿಸುತ್ತಲೇ ಹೋದೆವು.