ಆ ಕಾರ್ನರ್‌ಗೆ ಇಂದಿಗೆ ಹತ್ತು ವರ್ಷ

ಮೇ 31, 2025, ಶನಿವಾರ
ಬೆಂಗಳೂರು

ಮೇ 31 ಬಂತೆಂದರೆ ನೋಟ್‌ಬುಕ್ ತೆಗೆಯುತ್ತೇನೆ. ನಮ್ಮ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ ಶುರುವಾದ 2013ರಿಂದ ಪ್ರತಿ ಸೀಸನ್ನಿನ ಪಾಯಿಂಟ್ಸ್ ಟೇಬಲ್ಲನ್ನು ಅದರಲ್ಲಿ ಕೈಯಲ್ಲೇ ಬರೆದಿಟ್ಟಿದ್ದೇನೆ. ಇವತ್ತು ಅಣ್ಣನ ಮಗ ಪಕ್ಕದಲ್ಲಿ ಬಂದು ಕೂತ. ಹನ್ನೆರಡು ವರ್ಷದ ಹುಡುಗ, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಬಿಟ್ಟರೆ ಬೇರೆ ಲೀಗ್ ನೋಡಿದವನಲ್ಲ.

ಮೊದಲ ಪುಟ ನೋಡಿ ಅವನ ಕಣ್ಣರಳಿತು. 2013-14ರ ಐ-ಲೀಗ್, ಆಗ ದೇಶದ ಅಗ್ರ ಲೀಗ್. 24 ಪಂದ್ಯ, 47 ಅಂಕ, ಮೊದಲ ಸ್ಥಾನ. ಹುಟ್ಟಿದ ವರ್ಷವೇ ಚಾಂಪಿಯನ್. ಕೋಚ್ ಆಶ್ಲೇ ವೆಸ್ಟ್‌ವುಡ್, ನಾಯಕ ಸುನಿಲ್ ಛೆಟ್ರಿ. ಗೋವಾಕ್ಕೆ ಹೋಗಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಕಪ್ ಖಚಿತ ಮಾಡಿಕೊಂಡಿದ್ದರು. ಆ ಪುಟವನ್ನು ನೀಲಿ ಇಂಕಿನಲ್ಲಿ, ಅಕ್ಷರ ತಿದ್ದಿ ತೀಡಿ ಬರೆದಿದ್ದೇನೆ.

ಎರಡನೇ ಪುಟಕ್ಕೆ ಬಂದ ಕೂಡಲೇ ಅವನ ಬೆರಳು ಮೇಲಿನ ಸಾಲಿನ ಮೇಲೆ ನಿಂತಿತು. ಅಲ್ಲಿ ಕಾಗದ ಸವೆದು ಹಿಂದಿನ ಪುಟ ಕಾಣಿಸುವಷ್ಟು ತೆಳ್ಳಗಾಗಿದೆ.

"ಚಿಕ್ಕಪ್ಪಾ, ಇಲ್ಲೇನು ಅಳಿಸಿದ್ದೀರಾ?"

ಹೇಳಿದೆ. 2015ರ ಮೇ 31, ಭಾನುವಾರ. ಸೀಸನ್ನಿನ ಕೊನೇ ಪಂದ್ಯ, ಕಂಠೀರವದಲ್ಲಿ. ಎದುರಿಗೆ ಕೋಲ್ಕತ್ತದ ಮೋಹನ್ ಬಗಾನ್. ಅವರ ಹತ್ತಿರ 38 ಅಂಕ, ನಮ್ಮ ಹತ್ತಿರ 36. ಗೆದ್ದರೆ ಕಪ್ ನಮ್ಮದು, ಡ್ರಾ ಆದರೆ ಅವರದು. ವಿರಾಮಕ್ಕೆ ಮುಂಚೆ ನಮ್ಮ ಜಾನ್ ಜಾನ್ಸನ್ ಗೋಲು ಹೊಡೆದರು. ಗ್ಯಾಲರಿಯಲ್ಲಿ ಕೂತ ನಾನು ಚೀಲದಿಂದ ನೋಟ್‌ಬುಕ್ ತೆಗೆದು ಮೇಲಿನ ಸಾಲಿನಲ್ಲಿ ಪೆನ್ಸಿಲ್ಲಿನಿಂದ 'ಬೆಂಗಳೂರು 39' ಅಂತ ಬರೆದುಬಿಟ್ಟೆ.

87ನೇ ನಿಮಿಷ. ಬಗಾನ್‌ನ ಸೋನಿ ನಾರ್ಡೆ ಮೈದಾನದ ಮೂಲೆಯಿಂದ ಕಾರ್ನರ್ ಕಿಕ್ ತೆಗೆದರು, ಅವರದೇ ಬೆಲ್ಲೊ ರಜಾಕ್ ಚೆಂಡಿಗೆ ತಲೆ ಕೊಟ್ಟರು. ಕಂಠೀರವದಲ್ಲಿ ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ, ಚೆಂಡು ದೂರವೇ ಕಾಣುತ್ತದೆ. ಗೋಲಾದದ್ದು ನನಗೆ ಗೊತ್ತಾದದ್ದು ಬಲೆ ಅಲ್ಲಾಡಿದ್ದರಿಂದಲ್ಲ, ನಮ್ಮ ಸುತ್ತ ಒಮ್ಮೆಗೇ ಕವಿದ ಮೌನದಿಂದ. 1-1. ಬಗಾನ್ 39, ನಾವು 37. ಹದಿಮೂರು ವರ್ಷ ಕಾದಿದ್ದ ಕೋಲ್ಕತ್ತದವರಿಗೆ ಲೀಗ್ ಸಿಕ್ಕಿತು. ಮನೆಗೆ ಬಂದು ರಬ್ಬರ್ ಹಾಕಿ ಉಜ್ಜಿದ ಗುರುತು ಅದು.

ಹುಡುಗ ಲೆಕ್ಕ ಹಾಕಿದ. "ಗೆದ್ದಿದ್ರೆ ನಾವು 39, ಅವರು 38. ಒಂದೇ ಪಾಯಿಂಟಲ್ಲಿ ಫಸ್ಟ್ ಬರ್ತಿದ್ವಾ?" ಹೌದು ಮರಿ, ಒಂದೇ.

ಟೇಬಲ್ ಓದುವುದನ್ನು ಅವನಿಗೆ ಸರಿಯಾಗಿ ಕಲಿಸಬೇಕು ಅನ್ನಿಸಿತು. 2018-19ರ ಐಎಸ್‌ಎಲ್ ಪುಟ ತೋರಿಸಿದೆ. ನಮಗೂ ಎಫ್‌ಸಿ ಗೋವಾಕ್ಕೂ 34 ಅಂಕ, ಆದರೂ ಮೇಲೆ ನಾವು. ಅಂಕ ಸಮವಾದಾಗ ಆ ಎರಡು ತಂಡಗಳು ಪರಸ್ಪರ ಆಡಿದ ಪಂದ್ಯಗಳಲ್ಲಿ ಮೇಲುಗೈ ಯಾರದೆಂದು ಮೊದಲು ನೋಡುತ್ತಾರೆ. ಮುಂಬೈಯಲ್ಲಿ ಫೈನಲ್‌ಗೂ ಅವರೇ ಎದುರಾದರು. ಹೆಚ್ಚುವರಿ ಸಮಯ ಮುಗಿಯುತ್ತಿದ್ದಾಗ, 117ನೇ ನಿಮಿಷದಲ್ಲಿ ನಮ್ಮ ರಾಹುಲ್ ಭೇಕೆಯ ಹೆಡ್ಡರ್, ಗೋಲು, ಕಪ್ ನಮ್ಮದು. ಆ ರಾತ್ರಿ ಕೂಗಿ ಕೂಗಿ ನನ್ನ ಗಂಟಲು ಕಟ್ಟಿಹೋಗಿತ್ತು.

ಅಷ್ಟರಲ್ಲಿ ಅಪ್ಪ ಕಾಫಿ ಹಿಡಿದು ಬಂದರು. ಅವರ ಮುಂದೆ ಬೆಂಗಳೂರಿನ ಫುಟ್‌ಬಾಲ್ ಇತಿಹಾಸ ಅಂದರೆ ಸಾಕು, 1937ಕ್ಕೆ ಹೋಗುತ್ತಾರೆ. ಬೆಂಗಳೂರು ಮುಸ್ಲಿಮ್ಸ್ ತಂಡ ಬಾಂಬೆಯಲ್ಲಿ ಬ್ರಿಟಿಷ್ ಪಲ್ಟನ್ನುಗಳ ಕೈಯಲ್ಲೇ ಇದ್ದ ರೋವರ್ಸ್ ಕಪ್ ಗೆದ್ದದ್ದು, ಮರುವರ್ಷ ಮತ್ತೆ ಗೆದ್ದದ್ದು. ಎಚ್‌ಎಎಲ್, ಐಟಿಐ ತಂಡಗಳ ಕಾಲ. 1968-69ರಲ್ಲಿ ಮೈಸೂರು ರಾಜ್ಯ, ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದ ಮೇಲೆ ಕರ್ನಾಟಕ ಮತ್ತೆ ಅದನ್ನು ಎತ್ತಲು 54 ವರ್ಷ ಬೇಕಾಯಿತು. 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ, ಮೇಘಾಲಯದ ಎದುರು 3-2. ಅಪ್ಪ ಅದನ್ನು ಹೇಳುವಾಗ ಇವತ್ತಿಗೂ ಅವರ ದನಿ ಒದ್ದೆಯಾಗುತ್ತದೆ. ನನ್ನ ನೋಟ್‌ಬುಕ್ಕಿಗೆ ಮೊದಲ ಪುಟ ಆ 1937 ಆಗಬೇಕಿತ್ತು ಎನ್ನುವುದು ಅವರ ವಾದ, ಅದು ನ್ಯಾಯವೇ.

2023-24ರ ಪುಟವನ್ನು ಹುಡುಗ ಬೇಗ ಮಗುಚಲು ಹೋದ. ತಡೆದೆ. 22 ಪಂದ್ಯ, 22 ಅಂಕ, ಹತ್ತನೇ ಸ್ಥಾನ. ಗೆದ್ದ ವರ್ಷದಷ್ಟೇ ದೊಡ್ಡ ಅಕ್ಷರದಲ್ಲಿ ಅದನ್ನೂ ಬರೆದಿದ್ದೇನೆ.

ಈ ಸೀಸನ್ನಿನ ಪುಟ ಮಾತ್ರ ಖಾಲಿ ಇತ್ತು. ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಫೈನಲ್ ಸೋತ ಮೇಲೆ, ಅದೂ ಮತ್ತೆ ಮೋಹನ್ ಬಗಾನ್ ಎದುರೇ, ಬರೆಯಲು ಕೈ ಬಂದಿರಲಿಲ್ಲ. ನೋಟ್‌ಬುಕ್ ಅವನ ಕಡೆ ಸರಿಸಿ, "ನೀನೇ ಬರಿ" ಅಂದೆ. ಸ್ಕೇಲ್ ಇಟ್ಟು ಗೆರೆ ಎಳೆದ. ಬಗಾನ್ 56. ಗೋವಾ 48. ಬೆಂಗಳೂರು 38.

"ಹದಿನೆಂಟು ಪಾಯಿಂಟ್ ಕಮ್ಮಿ. ಅಂದ್ರೆ ಆರು ಗೆಲುವು, ಚಿಕ್ಕಪ್ಪಾ."

ಆಮೇಲೆ ನನ್ನ ಫೋನ್ ಇಸಕೊಂಡು ನೆಲದ ಮೇಲೆ ಬೋರಲು ಮಲಗಿದ. ಸೋತ ಎಂಟು ಪಂದ್ಯಗಳನ್ನು ಒಂದೊಂದಾಗಿ ಹುಡುಕಿ, ಯಾವ ಆರು ಗೆಲ್ಲಬಹುದಿತ್ತು ಅಂತ ಪುಟದ ಅಂಚಿನಲ್ಲಿ ಗುರುತು ಹಾಕುತ್ತಿದ್ದಾನೆ. ಪೆನ್ಸಿಲ್ಲಿನಲ್ಲಿ.