ಥೆರಪಿ ರೂಮಲ್ಲಿ ಬೈಬಲ್ ವಾಕ್ಯ ಬಾಯಿಗೆ ಬಂದಾಗ

ನಾನು ಬೆಂಗಳೂರಲ್ಲಿ ಕೌನ್ಸೆಲರ್‌ಗಳಿಗೆ ಟ್ರೈನಿಂಗ್ ಕೊಡೋ ಕೆಲಸ ಮಾಡ್ತೀನಿ, ಚರ್ಚ್ ಹಿನ್ನೆಲೆಯ ಒಂದು ಸಂಸ್ಥೆಯಲ್ಲಿ. ಬ್ಯಾಚಲ್ಲಿ ಸಿಸ್ಟರ್‌ಗಳಿರ್ತಾರೆ, ಪಾಸ್ಟರ್‌ಗಳಿರ್ತಾರೆ, ಸೈಕಾಲಜಿ ಎಂಎಸ್ಸಿ ಮುಗಿಸ್ಕೊಂಡು ಸೀದಾ ಬಂದಿರೋ ಹುಡುಗ ಹುಡುಗೀರು, ರಿಟೈರ್ ಆಗಿರೋ ಟೀಚರ್‌ಗಳು, ಒಂದಿಬ್ಬರು ಹಿಂದೂ, ಮುಸ್ಲಿಂ ವಿದ್ಯಾರ್ಥಿಗಳೂ ಇರ್ತಾರೆ. ಹೊರಗಿನವರು ನನ್ನನ್ನ ಕೇಳೋ ಮೊದಲ ಪ್ರಶ್ನೆ "ಏನ್ರೀ, ಥೆರಪೀಲಿ ಪ್ರಾರ್ಥನೆ ಮಾಡಿಸ್ತೀರಾ?" ಅಂತ. ಇಲ್ಲ ಅಂದ್ರೆ ಚರ್ಚ್ ಕಡೆಯವರಿಗೆ ಬೇಜಾರು, ಹೌದು ಅಂದ್ರೆ ಸೈಕಾಲಜಿ ಕಡೆಯವರು ಮುಖ ಸಿಂಡರಿಸ್ತಾರೆ. ಸರಿಯಾದ ಉತ್ತರ ಸ್ವಲ್ಪ ಉದ್ದ ಇದೆ, ಅದಕ್ಕೇ ಇದನ್ನ ಬರೀತಿರೋದು. ಕೇಸ್‌ಗಳ ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ.

ಈ ಜಗಳ ಹಳೇದು. ಅಮೆರಿಕದಲ್ಲಿ ಆಂಟನ್ ಬಾಯ್ಸನ್ ಅಂತ ಒಬ್ಬ ಪಾದ್ರಿ ಇದ್ರು, 1920ರಲ್ಲಿ ಅವರೇ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ರು, ಆಮೇಲೆ ವೂಸ್ಟರ್ ಸ್ಟೇಟ್ ಆಸ್ಪತ್ರೆಯಲ್ಲಿ ಚಾಪ್ಲೇನ್, ಅಂದ್ರೆ ಆಸ್ಪತ್ರೆ ಪಾದ್ರಿ ಆಗಿ 1925ರಲ್ಲಿ ಥಿಯಾಲಜಿ (ದೇವರು, ಧರ್ಮದ ಬಗ್ಗೆ ಶಾಸ್ತ್ರ) ಓದೋ ಹುಡುಗರನ್ನ ವಾರ್ಡಿಗೇ ಕರ್ಕೊಂಡ್ ಹೋಗಿ ಕೆಲಸ ಕಲಿಸೋಕೆ ಶುರು ಮಾಡಿದ್ರು, ಪುಸ್ತಕದಷ್ಟೇ ಗಮನ ಇಟ್ಟು ರೋಗೀನೂ ಓದ್ಬೇಕು ಅನ್ನೋದು ಅವರ ವಾದ. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಪಾದ್ರಿಗಳಾಗೋರಿಗೆ ಕಲಿಸೋ ಫುಲ್ಲರ್ ಸೆಮಿನರಿ 1965ರಲ್ಲಿ ಸೆಮಿನರಿ ಒಳಗೇ ಸೈಕಾಲಜಿ ಸ್ಕೂಲ್ ತೆಗೀತು, ಅಲ್ಲಿ ಸೈಕಾಲಜಿ ಪಿಎಚ್‌ಡಿ ಮಾಡೋವ್ರು ಥಿಯಾಲಜೀನೂ ಓದ್ಬೇಕು. ಅಂಥದ್ದೇ ಇನ್ನೊಂದು ಸ್ಕೂಲ್ ರೋಸ್‌ಮೀಡ್ 1968ರದ್ದು. 1970ರ ಹೊತ್ತಿಗೆ ಜೇ ಆಡಮ್ಸ್ ಅನ್ನೋರು ಇದಕ್ಕೆ ಪೂರ್ತಿ ಉಲ್ಟಾ ನಿಂತ್ರು, ಪಾಸ್ಟರ್ ಕೈಲಿ ಬೈಬಲ್ ಇದ್ರೆ ಸಾಕು, ಫ್ರಾಯ್ಡ್, ರೋಜರ್ಸ್ ಥರದ ಸೈಕಾಲಜಿಯವರು ಯಾರೂ ಬೇಕಾಗಿಲ್ಲ ಅಂತ. ಆಡಮ್ಸ್ ಹೆಸರೇ ಕೇಳದವರೂ ನಮ್ಮ ಊರುಗಳಲ್ಲಿ ಇವತ್ತಿಗೂ ಅದೇ ಮಾತಾಡ್ತಾರೆ, ಪ್ರತೀ ಬ್ಯಾಚಲ್ಲೂ ಅಂಥವರು ಒಬ್ಬರು ಇದ್ದೇ ಇರ್ತಾರೆ. ನನಗೆ ಅವರು ಇಷ್ಟಾನೇ, ಯಾಕಂದ್ರೆ ಕ್ಲಾಸಲ್ಲಿ ನಿದ್ದೆ ಮಾಡಲ್ಲ.

ನಮ್ಮ ಕಡೆಗೆ ಹತ್ತಿರದ ಹೆಸರು ಅಂದ್ರೆ ಫ್ರಾಂಕ್ ಲೇಕ್. ಬ್ರಿಟಿಷ್ ಮಿಷನರಿ ಡಾಕ್ಟ್ರು, ವೆಲ್ಲೂರು ಸಿಎಂಸಿ ಆಸ್ಪತ್ರೆಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು, ವಾಪಸ್ ಹೋಗಿ ಸೈಕಿಯಾಟ್ರಿ ಕಲಿತು 1958ರಿಂದ ಇಂಗ್ಲೆಂಡಲ್ಲಿ ಪಾದ್ರಿಗಳಿಗೆ "ಕ್ಲಿನಿಕಲ್ ಥಿಯಾಲಜಿ" ಅಂತ ಸೆಮಿನಾರ್ ನಡೆಸಿದ್ರು. ಪಾದ್ರಿಗಳಿಗೆ ಮೊದಲು ಕಿವಿ ಕೊಟ್ಟು ಕೇಳೋದನ್ನ ಕಲಿಸಿದ್ದು ಅವರ ದೊಡ್ಡ ಕೆಲಸ. ಆದ್ರೆ ಕೊನೆಕೊನೆಗೆ ಮನುಷ್ಯನ ನೋವಿಗೆಲ್ಲಾ ಮೂಲ ತಾಯಿ ಗರ್ಭದ ಮೊದಲ ತಿಂಗಳುಗಳಲ್ಲೇ ಇದೆ ಅನ್ನೋ ಥಿಯರಿಗೆ ಹೋದ್ರು, ಅದಕ್ಕೆ ಸರಿಯಾದ ಸಾಕ್ಷ್ಯ ಇರ್ಲಿಲ್ಲ. ಇದನ್ನ ಟ್ರೈನೀಗಳಿಗೆ ನಾನು ಬೇಕಂತ್ಲೇ ಹೇಳ್ತೀನಿ. ಥಿಯಾಲಜಿ ಮಾತಲ್ಲಿ ಸುತ್ತಿ ಕೊಟ್ಟ ತಕ್ಷಣ ಸೈಕಾಲಜಿಗೆ ಪುರಾವೆ ಬೇಡ ಅಂತ ಆಗಲ್ಲ.

ಇಷ್ಟೆಲ್ಲಾ ಥಿಯರಿ ಕ್ಲಾಸಲ್ಲಿ ಚೆನ್ನಾಗಿ ನಡೆಯುತ್ತೆ, ಎಕ್ಸಾಮಲ್ಲಿ ಎಲ್ರೂ ನೀಟಾಗಿ ಬರೀತಾರೆ. ಕಷ್ಟ ಶುರುವಾಗೋದು ನಿಜವಾದ ಕ್ಲೈಂಟ್ ಎದುರಿಗೆ ಕೂತಾಗ.

ಬಾಯ್ಸನ್ ಶುರು ಮಾಡಿದ ಪರಂಪರೆಯಲ್ಲಿ ವರ್ಬೇಟಿಮ್ ಅಂತ ಒಂದು ಪದ್ಧತಿ ಇದೆ. ಸೆಷನ್ ಮುಗಿದ ಮೇಲೆ ನೆನಪಿಂದ ಬರೀಬೇಕು, ಒಂದು ಕಾಲಮ್ಮಲ್ಲಿ ಅವರು ಹೇಳಿದ್ದು, ಪಕ್ಕದಲ್ಲಿ ನಾನು ಹೇಳಿದ್ದು, ಮೂರನೇದ್ರಲ್ಲಿ ಆಗ ನನ್ನೊಳಗೆ ಏನಾಗ್ತಿತ್ತು ಅನ್ನೋದು. ನಾನು ಅದಕ್ಕೆ ಒಂದು ಸೇರಿಸಿದೀನಿ: ಬೈಬಲ್ ವಾಕ್ಯನೋ "ಪ್ರಾರ್ಥನೆ ಮಾಡೋಣ್ವಾ" ಅನ್ನೋದೋ ಬಾಯಿಗೆ ಬಂದ ಕಡೆ ಕೆಂಪು ಪೆನ್ನಲ್ಲಿ ಗುರುತು ಹಾಕ್ಬೇಕು, ಹೇಳಿದ್ರೂ ಸರಿ, ನುಂಗ್ಕೊಂಡಿದ್ರೂ ಸರಿ. ಆಮೇಲೆ ಸೂಪರ್ವಿಷನ್‌ಗೆ ಕೂತಾಗ ಕೆಂಪು ಗುರುತು ಇರೋ ಸಾಲಿನ ಮೂರನೇ ಕಾಲಮ್ ಮಾತ್ರ ಓದಿಸ್ತೀನಿ. ಬಹುತೇಕ ಎಲ್ಲರದ್ದೂ ಒಂದೇ ಥರ ಇರುತ್ತೆ: "ಭಯ ಆಯ್ತು", "ಅವರು ಅಳೋದು ನಿಲ್ಲಿಸ್ಲಿಲ್ಲ", "ಏನ್ ಹೇಳ್ಬೇಕೋ ಹೊಳೀಲಿಲ್ಲ". ಮಗು ಕಳ್ಕೊಂಡ ತಾಯಿಗೆ ಒಬ್ಬ ಪಾಸ್ಟರ್ ರೋಮ 8:28 ಹೇಳಿದ್ರು, ದೇವರನ್ನ ಪ್ರೀತಿಸೋರಿಗೆ ಎಲ್ಲಾನೂ ಒಳ್ಳೇದಕ್ಕೇ ಆಗುತ್ತೆ ಅನ್ನೋ ವಾಕ್ಯ. ಉಕ್ಕೋ ಹಾಲಿಗೆ ನೀರು ಚಿಮುಕಿಸಿದಂಗೆ ಆಯಮ್ಮ ತಕ್ಷಣ ಸುಮ್ಮನಾದ್ರು. ಪಾಸ್ಟರ್ ಬರ್ಕೊಂಡಿದ್ದು "ಕ್ಲೈಂಟ್‌ಗೆ ಸಮಾಧಾನ ಆಯ್ತು". ನಾನು ಕೇಳಿದೆ, "ಅಯ್ಯನವರೇ, ಆ ವಾಕ್ಯ ಯಾರಿಗೋಸ್ಕರ ಹೇಳಿದ್ರಿ?" ಸ್ವಲ್ಪ ಹೊತ್ತು ಬಿಟ್ಟು ಅವರೇ "ನನಗೋಸ್ಕರ" ಅಂದ್ರು.

ಇಲ್ಲಿ ಒಂದು ಮಾತು ಸೇರಿಸ್ಲೇಬೇಕು, ಇಲ್ಲಾಂದ್ರೆ ಧರ್ಮದವರಿಗೆ ಮಾತ್ರ ಬೈದಂಗಾಗುತ್ತೆ. ದೇವರು ಗೀವರು ನಂಬದ ನಮ್ಮ ಎಂಎಸ್ಸಿ ಹುಡುಗರೂ ಅದೇ ಕ್ಷಣದಲ್ಲಿ ಅದೇ ಕೆಲಸ ಮಾಡ್ತಾರೆ, ಬರೀ ಸಾಮಾನು ಬೇರೆ. "ಒಂದು ಬ್ರೀದಿಂಗ್ ಎಕ್ಸರ್ಸೈಜ್ ಮಾಡೋಣ್ವಾ?" ಅಂತಾರೆ, ಮನಸ್ಸಿಗೆ ಬಂದ ಯೋಚನೆ ಬರ್ಕೊಳ್ಳೋ ಥಾಟ್ ರೆಕಾರ್ಡ್ ಶೀಟ್ ತೆಗೀತಾರೆ. ಅವರಿಗೂ ಕೆಂಪು ಪೆನ್ನು ಕೊಡ್ತೀನಿ ಈಗ.

ಹಾಗಾದ್ರೆ ಥಿಯಾಲಜಿ ಯಾಕೆ ಕಲಿಸ್ಬೇಕು ಅಂತ ಕೇಳ್ಬಹುದು. ನನ್ನ ಪ್ರಕಾರ ಅದು ಮೊದಲು ಬೇಕಾಗಿರೋದು ಥೆರಪಿಸ್ಟ್ ಕಿವಿಗೆ. ಬೈಬಲ್ಲಲ್ಲಿ ಎಲ್ಲಾ ಕಳ್ಕೊಂಡ ಯೋಬನ ಕಥೇಲಿ ಅವನ ಸ್ನೇಹಿತರು ಬಂದು 7 ದಿನ ನೆಲದ ಮೇಲೆ ಅವನ ಜೊತೆ ಸುಮ್ನೆ ಕೂರ್ತಾರೆ, ಒಂದು ಮಾತೂ ಆಡಲ್ಲ. ಅಲ್ಲೀವರೆಗೂ ಅವರು ಒಳ್ಳೇ ಕೌನ್ಸೆಲರ್‌ಗಳೇ, ಕೆಟ್ಟಿದ್ದು ಬಾಯಿ ಬಿಟ್ಟು ಕಾರಣ ವಿವರಿಸೋಕೆ ಹೋದ್ಮೇಲೆ. ಎಲೀಯ ಪ್ರವಾದಿ ಸಾಯ್ಬೇಕು ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತ ಬಂದು ಉಪದೇಶ ಮಾಡಲ್ಲ, ಎದ್ದು ಊಟ ಮಾಡು ಅಂತಾನೆ, ಮತ್ತೆ ಮಲಗೋಕೆ ಬಿಡ್ತಾನೆ, ಮತ್ತೆ ಊಟ. 88ನೇ ಕೀರ್ತನೆ ಅಂತೂ ಕತ್ತಲಲ್ಲೇ ಮುಗಿಯುತ್ತೆ, ಕೊನೆಗೊಂದು "ಆದರೂ ಸ್ತೋತ್ರ" ಅನ್ನೋ ಸಾಲೂ ಇಲ್ಲ. ಭಾನುವಾರದ ಪ್ರಸಂಗದಲ್ಲಿ ಇದನ್ನ ಯಾರೂ ಮುಟ್ಟಲ್ಲ. ಇದನ್ನ ನಿಧಾನವಾಗಿ ಓದಿರೋ ಟ್ರೈನಿಗೆ ಕ್ಲೈಂಟ್ "ದೇವರು ನನ್ನ ಕೈಬಿಟ್ಟ" ಅಂದಾಗ ಗಾಬರಿ ಆಗಲ್ಲ, ಹಂಗನ್ಬೇಡಿ ಅಂತ ಬಾಯಿ ಮುಚ್ಸೋಕೂ ಹೋಗಲ್ಲ.

ಥಿಯಾಲಜಿ ಗೊತ್ತಿಲ್ದೇ ಇದ್ರೆ ಕೈಕಟ್ಟಿದಂಗಾಗೋ ಜಾಗ ಒಂದಿದೆ, ಸ್ಕ್ರೂಪ್ಯುಲಾಸಿಟಿ, ಅಂದ್ರೆ ಪಾಪದ ಬಗ್ಗೆನೇ ಇರೋ ಓಸಿಡಿ (ಬೇಡ ಅಂದ್ರೂ ಅದೇ ಯೋಚನೆ ಬಂದು ಮಾಡಿದ್ದೇ ಮಾಡಿಸೋ ಕಾಯಿಲೆ). ಕ್ಯಾಥೊಲಿಕ್ ಹುಡುಗಿ, ವಾರದಲ್ಲಿ ಎಷ್ಟು ಸಲ ಕನ್ಫೆಶನ್‌ಗೆ, ಅಂದ್ರೆ ಫಾದರ್ ಹತ್ರ ಪಾಪ ಒಪ್ಕೊಳ್ಳೋಕೆ ಹೋದ್ರೂ ಸಾಲದು, ಹೊರಗೆ ಬಂದ ತಕ್ಷಣ "ಅದನ್ನ ಸರಿಯಾಗಿ ಹೇಳಿದ್ನಾ ಇಲ್ವಾ" ಅಂತ ಮತ್ತೆ ಒಳಗೆ. ಸೈಕಾಲಜಿ ಮಾತ್ರ ಗೊತ್ತಿರೋ ಟ್ರೈನಿ ನೋಡಿ "ಧರ್ಮದಿಂದಾನೇ ಇಷ್ಟೆಲ್ಲಾ, ಚರ್ಚ್ ಬಿಟ್ರೆ ಸರಿಹೋಗುತ್ತೆ" ಅನ್ಕೊಂಡ, ಭಕ್ತಿ ಮಾತ್ರ ಗೊತ್ತಿದ್ದ ಸಿಸ್ಟರ್ "ಎಷ್ಟು ಒಳ್ಳೇ ಮನಸ್ಸಾಕ್ಷಿ" ಅಂದ್ರು. ಇಬ್ಬರೂ ತಪ್ಪು. ಮುಂದೆ ಜೆಸ್ವಿಟ್ ಸಂಘ ಕಟ್ಟಿದ ಸಂತ, ಲೊಯೋಲಾದ ಇಗ್ನೇಷಿಯಸ್ 1522ರ ಸುಮಾರಿಗೆ ಸ್ಪೇನಿನ ಮನ್ರೇಸಾದಲ್ಲಿ ಇದ್ದಾಗ ಇದೇ ಪಾಡು ಪಟ್ಟಿದ್ರು, ಹಳೇ ಪಾಪಾನೇ ಮತ್ತೆ ಮತ್ತೆ ಹೇಳೋದು, ಸತ್ತೇ ಹೋಗೋಣ ಅನ್ನೋವರೆಗೂ ಹೋಗಿತ್ತು. ಪಾಪ ಕೇಳಿಸ್ಕೊಳ್ತಿದ್ದ ಫಾದರ್ "ತುಂಬಾ ಸ್ಪಷ್ಟವಾಗಿರೋದನ್ನ ಮಾತ್ರ ಹೇಳು" ಅಂದ್ರಂತೆ, ಇವರಿಗೆ ಎಲ್ಲಾನೂ ಸ್ಪಷ್ಟವಾಗೇ ಕಾಣ್ತಿತ್ತು, ಏನೂ ಉಪಯೋಗ ಆಗ್ಲಿಲ್ಲ. ಓಸಿಡಿ ಕ್ಲೈಂಟ್ ನೋಡಿರೋ ಯಾರಿಗಾದ್ರೂ ಇದನ್ನ ಓದಿ ನಗು ಬರುತ್ತೆ, ನೋವೂ ಆಗುತ್ತೆ. ಆಮೇಲಾಮೇಲೆ ಕ್ಯಾಥೊಲಿಕ್ ಪರಂಪರೆಯಲ್ಲಿ ಒಂದು ದಾರಿ ಗಟ್ಟಿಯಾಯ್ತು: ಇಂಥವರು ಒಬ್ಬರೇ ಫಾದರ್ ಹತ್ರ ಹೋಗ್ಬೇಕು, ಅವರ ಮಾತು ಪಾಲಿಸ್ಬೇಕು, ಹೇಳಿದ ಪಾಪಾನ ಮತ್ತೆ ಹೇಳ್ಬಾರ್ದು. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಓಸಿಡಿ ರೋಗಿಗಳನ್ನ ಹೆದರಿಕೆ ಎದುರು ನಿಲ್ಲಿಸಿ, ಮಾಡಿದ್ದೇ ಮಾಡೋದನ್ನ ತಡೆದು ಚಿಕಿತ್ಸೆ ಕೊಟ್ಟಿದ್ದು ಬರೆದ್ರು, ಇವತ್ತು ಓಸಿಡಿಗೆ ಕೊಡೋ ಇಆರ್‌ಪಿ (ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್) ಚಿಕಿತ್ಸೆ ಬಂದಿದ್ದು ಅಲ್ಲಿಂದ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ನಾವು ಆ ಹುಡುಗಿ ಒಪ್ಪಿಗೆ ತಗೊಂಡು ಅವರ ಪ್ಯಾರಿಷ್ ಫಾದರ್ ಜೊತೆ ಮಾತಾಡಿದ್ವಿ, ತಿಂಗಳಿಗೆ ಒಂದೇ ಸಲ, ಒಬ್ಬರ ಹತ್ರಾನೇ, ರಿಪೀಟ್ ಇಲ್ಲ ಅಂತ ಫಾದರ್ರೇ ಹೇಳಿದ್ರು. ಅದೇ ಮಾತು ನಾನು ಹೇಳಿದ್ರೆ ಅವಳು ಕೇಳ್ತಿರ್ಲಿಲ್ಲ, ನನಗೆ ಪಾಪಕ್ಷಮೆ ಕೊಡೋ ಅಧಿಕಾರ ಎಲ್ಲಿದೆ.

ಕೆನೆತ್ ಪಾರ್ಗಮೆಂಟ್ ಅನ್ನೋ ಸೈಕಾಲಜಿಸ್ಟ್ ಕಷ್ಟದಲ್ಲಿ ಜನ ಧರ್ಮಾನ ಹೆಂಗೆ ಬಳಸ್ತಾರೆ ಅಂತ ಅಳೆಯೋಕೆ 14 ಪ್ರಶ್ನೆಗಳ ಒಂದು ಪುಟ್ಟ ಸ್ಕೇಲ್ ಮಾಡಿದಾರೆ, ಆಸರೆ ಆಗೋದಕ್ಕೆ 7, ಕುಗ್ಗಿಸೋದಕ್ಕೆ 7. ದೇವರು ನನಗೆ ಶಿಕ್ಷೆ ಕೊಡ್ತಿದಾನೆ, ಸಭೆಯವರು (ಚರ್ಚಿನ ಜನ) ನನ್ನ ಕೈಬಿಟ್ರು, ಇದು ಸೈತಾನನ ಕೆಲಸ, ಈ ಥರದ್ದು ಎರಡನೇ ಗುಂಪಲ್ಲಿ ಬರುತ್ತೆ. ಇಂಟೇಕಲ್ಲಿ, ಅಂದ್ರೆ ಕ್ಲೈಂಟ್ ವಿವರ ಕೇಳೋ ಮೊದಲ ಭೇಟೀಲಿ ಈ ವಿಷಯ ಕೇಳೋಕೆ ಟ್ರೈನೀಗಳಿಗೆ ನಾಚಿಕೆ, ಸೆಕ್ಸ್ ಬಗ್ಗೆ ಕೇಳ್ತಾರೆ, ಸಾಲದ ಬಗ್ಗೆ ಕೇಳ್ತಾರೆ, ದೇವರ ಬಗ್ಗೆ ಕೇಳೋಕೆ ಮಾತ್ರ ಹಿಂಜರೀತಾರೆ.

ಕ್ಷಮೆ ವಿಷಯ ಬಂದಾಗ ನಾನು ಸ್ವಲ್ಪ ಗಟ್ಟಿ ದನೀಲೇ ಮಾತಾಡ್ತೀನಿ. ಗಂಡ ಹೊಡೀತಾನೆ ಅಂತ ಬಂದವಳಿಗೆ "ಏಳೆಪ್ಪತ್ತು ಸಲ ಕ್ಷಮಿಸಮ್ಮ" ಅಂತ ಕಳಿಸೋದು ಥಿಯಾಲಜೀನೂ ಅಲ್ಲ, ಥೆರಪೀನೂ ಅಲ್ಲ. ಕ್ಷಮೆ ಮೇಲೆ ದಶಕಗಟ್ಟಲೆ ಸಂಶೋಧನೆ ಮಾಡಿರೋ ಎವೆರೆಟ್ ವರ್ಥಿಂಗ್ಟನ್ ಕ್ರಿಶ್ಚಿಯನ್ನರೇ, ಅವರ ತಾಯಿ ಮನೆಗೆ ನುಗ್ಗಿದವರ ಕೈಲಿ ಕೊಲೆಯಾದವರು, ಸುಮ್ನೆ ಪುಸ್ತಕದ ಮಾತಾಡೋ ಮನುಷ್ಯ ಅಲ್ಲ. ಕ್ಷಮಿಸ್ತೀನಿ ಅಂತ ತೀರ್ಮಾನ ಮಾಡೋದು ಬೇರೆ, ಮನಸ್ಸು ತಿಳಿಯಾಗೋದು ಬೇರೆ, ವಾಪಸ್ ಹೋಗಿ ಜೊತೇಲಿ ಬದುಕೋದು ಇನ್ನೂ ಬೇರೆ ಅಂತ ಅವರು ಬಿಡಿಸಿ ಹೇಳ್ತಾರೆ. ನಮ್ಮಲ್ಲಿ ಮೊದಲು ಸೇಫ್ಟಿ ಪ್ಲ್ಯಾನ್, ಮಹಿಳಾ ಸಹಾಯವಾಣಿ 181 ನಂಬರ್, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಅಡಿ ಸಿಗೋ ರಕ್ಷಣೆ. ಕ್ಷಮೆ ಮಾತು ಅವಳಾಗೇ ತೆಗೆದ್ರೆ ಆಮೇಲೆ.

ಗುಟ್ಟು ಕಾಪಾಡೋದರ ಬಗ್ಗೆ: "ಒಬ್ಬ ಸಹೋದರಿಗೋಸ್ಕರ ಪ್ರಾರ್ಥಿಸಿ, ಮದುವೆಯಲ್ಲಿ ಕಷ್ಟ ಇದೆ" ಅಂತ ಸಭೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ರೂ ಅದು ಸೋರಿಕೆನೇ, ಹೆಸರಿಲ್ಲ ಅಂದ್ರೂನೂ, ನಲವತ್ತು ಮನೆ ಇರೋ ಸಭೇಲಿ ಯಾರು ಅಂತ ಎಲ್ರಿಗೂ ಗೊತ್ತಾಗುತ್ತೆ.

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರಿಶ್ಚಿಯನ್ನರು ನೂರಕ್ಕೆ 2 ಕೂಡ ಇಲ್ಲ. ಅಂದ್ರೆ ನಮ್ಮ ಟ್ರೈನೀಗಳ ಎದುರಿಗೆ ಕೂರೋರು ಬಹುಪಾಲು ಬೇರೆಯವರೇ. ಫುಲ್ಲರ್‌ನಲ್ಲಿ ಪಾಠ ಮಾಡಿದ ಸಿಯಾಂಗ್ ಯಾಂಗ್ ಟಾನ್ ಇಂಟಿಗ್ರೇಷನ್ನನ್ನ, ಅಂದ್ರೆ ಥೆರಪಿಗೆ ನಂಬಿಕೆ ಸೇರಿಸೋದನ್ನ, ಬಾಯಿಬಿಟ್ಟು ತರೋದು, ಒಳಗೇ ಇಟ್ಕೊಳ್ಳೋದು ಅಂತ ಎರಡು ಮಾಡ್ತಾರೆ. ನಮ್ಮಲ್ಲಿ ಮೊದಲನೇದು ಕ್ಲೈಂಟ್ ತಾವಾಗೇ ಕೇಳಿದ್ರೆ, ಒಪ್ಪಿಗೆ ಬರ್ಕೊಂಡ್ರೆ ಮಾತ್ರ. ನೋವಲ್ಲಿ ಕುಸಿದು ಕೂತಿರೋರು ಎದುರಿಗಿರೋರು ಹೇಳಿದ್ದಕ್ಕೆಲ್ಲಾ ಹೂಂ ಅಂತಾರೆ, ಆ ಹೂಂ ಅನ್ನ ಒಪ್ಪಿಗೆ ಅಂತ ಲೆಕ್ಕಕ್ಕೆ ತಗೋಬಾರ್ದು. ಹಿಂದೂ ಅಜ್ಜಿಯೊಬ್ರು ಸೆಷನಲ್ಲಿ ತಮ್ಮ ಮಂಜುನಾಥನ್ನ ನೆನೆಸ್ಕೊಂಡು ಅತ್ರೆ ನಮ್ಮ ಸಿಸ್ಟರ್ ಆ ಮಂಜುನಾಥ ಅಜ್ಜಿಗೆ ಏನು ಅನ್ನೋದನ್ನ ಕೇಳ್ಬೇಕು, ಕೇಳ್ತಾರೆ ಕೂಡ, ಈಚೆಗೆ ತುಂಬಾ ಚೆನ್ನಾಗಿ.

ಇನ್ನೂ ಬಗೆಹರೀದೇ ಇರೋದು ಗೇ, ಲೆಸ್ಬಿಯನ್ ಕ್ಲೈಂಟ್‌ಗಳ ವಿಷಯ. ಕಾನೂನು, ವೃತ್ತಿ ನಿಯಮ ಎರಡೂ ಸ್ಪಷ್ಟ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಒಬ್ಬರು ಸಮುದಾಯದ ನೀತಿಗೋ ಧಾರ್ಮಿಕ ನಂಬಿಕೆಗೋ ಹೊಂದಿಕೊಳ್ಳಲ್ಲ ಅನ್ನೋ ಕಾರಣಕ್ಕೆ ಕಾಯಿಲೆ ಅನ್ನೋ ಹಾಗಿಲ್ಲ, 2022ರಲ್ಲಿ ನ್ಯಾಷನಲ್ ಮೆಡಿಕಲ್ ಕಮಿಷನ್ ಕನ್ವರ್ಷನ್ ಥೆರಪಿ (ಗೇ, ಲೆಸ್ಬಿಯನ್ ಆಗಿರೋದನ್ನ "ಬದಲಾಯಿಸೋ" ಪ್ರಯತ್ನ) ಮಾಡೋ ಡಾಕ್ಟ್ರದ್ದು ವೃತ್ತಿ ದುರ್ನಡತೆ ಅಂತು. ನಾವು ಅದೇ ಗೆರೆ ಕೌನ್ಸೆಲರ್‌ಗಳಿಗೂ ಎಳೆದಿದೀವಿ, ನಿಮ್ಮ ಸಭೆ ಏನಾದ್ರೂ ಬೋಧಿಸ್ಲಿ, "ಬದಲಾಯಿಸ್ತೀನಿ" ಅನ್ನೋದನ್ನ ಇಲ್ಲಿ ಥೆರಪಿ ಅಂತ ಕೊಡೋ ಹಾಗಿಲ್ಲ. ಹಾಗಂತ ಆ ಕ್ಲಾಸ್ ಸಲೀಸಾಗಿ ಮುಗಿಯಲ್ಲ. ಕಳೆದ ಬ್ಯಾಚಲ್ಲಿ ಒಬ್ಬ ಪಾಸ್ಟರ್ ಎದ್ದು "ಮೇಡಂ, ಹಾಗಾದ್ರೆ ನಾನು ರೂಮೊಳಗೆ ಪಾಸ್ಟರ್ ಅಲ್ವಾ?" ಅಂದ್ರು. ಹಿಂದಿನ ಬೆಂಚಿಂದ ಒಬ್ಬಳು ಹುಡುಗಿ, "ಅಯ್ಯನವರೇ, ರೂಮೊಳಗೆ ಬಂದಿರೋನು ನಿಮ್ಮ ಸಭೆ ಹುಡುಗಾನೇ ಆಗಿದ್ರೆ ಅವನು ಯಾರನ್ನ ನೋಡೋಕೆ ಬಂದಿರ್ತಾನೆ ಹೇಳಿ" ಅಂದ್ಲು. ಟೀ ಬ್ರೇಕ್ ಪೂರ್ತಿ ಅದೇ ಮಾತು, ಅವರಿಬ್ಬರೂ ಈಗ್ಲೂ ಒಪ್ಪಲ್ಲ, ಆದ್ರೆ ಆ ಪಾಸ್ಟರ್ ಅಂಥ ಕೇಸ್ ಬಂದ್ರೆ ಅವಳಿಗೇ ರೆಫರ್ ಮಾಡ್ತಾರೆ.