ಒಳಗಿನ ಮಳೆ

ಬೆಳಿಗ್ಗೆ 5ಕ್ಕೆ ಮೂಗಿನ ಮೇಲೆ ಟಪ್ ಅಂತ ಒಂದು ಹನಿ. ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ಸ್ ಬೆಟ್ಟ, ನಾನೊಬ್ಬನೇ, ವಾಟರ್‌ಪ್ರೂಫ್ ಬಿವಿ ಚೀಲದೊಳಗೆ (ಟೆಂಟಿನ ಬದಲು ಸ್ಲೀಪಿಂಗ್ ಬ್ಯಾಗಿನ ಮೇಲೆ ಹಾಕುವ ಹೊರಚೀಲ). ಮಳೆ ಅಂದುಕೊಂಡೆ. ಜಿಪ್ ಸರಿಸಿದರೆ ಆಕಾಶ ಶುಭ್ರ!

ರಾತ್ರಿಯಿಡೀ ಬಿಟ್ಟ ನನ್ನದೇ ಉಸಿರು, ತಣ್ಣನೆ ಬಟ್ಟೆಗೆ ತಾಗಿ ನೀರಾಗಿತ್ತು. ಸ್ಲೀಪಿಂಗ್ ಬ್ಯಾಗಿನ ಎದೆಭಾಗ ಒದ್ದೆಮುದ್ದೆ.

ಮುಖದ ಹತ್ತಿರ ಗೇಣುದ್ದ ಜಿಪ್ ತೆರೆದಿಡಬೇಕು, ಗೊತ್ತು. ಆದರೆ ಮಿಡ್ಜ್ ನೊಣಗಳು ಬಿಡಬೇಕಲ್ವಾ? ರಾಗಿಕಾಳಿನಷ್ಟಿವೆ, ಕಚ್ಚಿದರೆ ಕೆರೆದು ಕೆರೆದು ಸಾಕಾಗುತ್ತದೆ.

ಮಲೆನಾಡಿನಲ್ಲಿ ಅಜ್ಜಿ ನಾಟಿಗೆ ಹೋಗುವಾಗ ಮಳೆಗೆ ಹೊದೆಯುತ್ತಿದ್ದ ಗೊರಬು ನೆನಪಾಯಿತು. ತಲೆ, ಬೆನ್ನು ಮುಚ್ಚಿರುತ್ತಿತ್ತು, ಮುಂದೆಲ್ಲ ಖಾಲಿ. ಅವಳು ಒಳಗಿಂದ ನೆನೆದದ್ದನ್ನು ನಾನಂತೂ ನೋಡಿಲ್ಲ.

ಈಗ ಚೀಲ ತಿರುವಿಹಾಕಿ ಬಂಡೆ ಮೇಲೆ ಹರಡಿ, ಬಿಸಿಲಿಗೆ ಕಾಯುತ್ತಿದ್ದೇನೆ. ಸದ್ಯ, ಕಾಫಿಪುಡಿ ಒದ್ದೆಯಾಗಿಲ್ಲ.